ಕುರಾರಾಯ್ ಮರಳದಿಬ್ಬ, 1956: ಒಂದು ಮಿಷನ್ ಸಿದ್ಧತೆಯ ಪ್ರಕರಣ ಅಧ್ಯಯನ

1956ರ ಜನವರಿ 8, ಭಾನುವಾರ. ಈಕ್ವೆಡಾರ್‌ನ ಅಮೆಜಾನ್ ಕಾಡಿನಲ್ಲಿ, ಕುರಾರಾಯ್ ನದಿಯ ಒಂದು ಮರಳದಿಬ್ಬದ ಮೇಲೆ ಐವರು ಅಮೆರಿಕನ್ ಮಿಷನರಿಗಳು ವಾವೊರಾನಿ ಜನರ ಈಟಿಗೆ ಸಿಕ್ಕಿ ಸತ್ತರು. ಸುವಾರ್ತಾ ಸೇವೆಯ ತರಬೇತಿಗಳಲ್ಲಿ ಈ ಘಟನೆಯನ್ನು ಬಲಿದಾನದ ಕಥೆಯಾಗಿ ಹೇಳುವವರೇ ಹೆಚ್ಚು. ಆ ಬಲಿದಾನ ಸುಳ್ಳಲ್ಲ. ಆದರೆ ಹಾಗೆ ಹೇಳುವಾಗ ಅದರ ಹಿಂದಿನ ಮೂರು ತಿಂಗಳ ಸಿದ್ಧತೆ ಮರೆಗೆ ಸರಿಯುತ್ತದೆ. ದೂರದ ಬುಡಕಟ್ಟಿನ ನಡುವೆ ಕೆಲಸಕ್ಕೆ ಹೊರಡುವವರು ನೋಡಬೇಕಾದ್ದು ಆ ಮೂರು ತಿಂಗಳನ್ನು. ಯಾವುದಕ್ಕೆ ಎಷ್ಟು ತಯಾರಿ ನಡೆಯಿತು, ಯಾವುದಕ್ಕೆ ನಡೆಯಲೇ ಇಲ್ಲ, ನಡೆಯದಿದ್ದುದಕ್ಕೆ ಕಾರಣವೇನು?

ಐವರಲ್ಲಿ ಯಾರೂ ಹೊಸಬರಲ್ಲ. ಮಿಷನರಿ ಏವಿಯೇಷನ್ ಫೆಲೋಶಿಪ್‌ನ ಪೈಲಟ್ ನೇಟ್ ಸೇಂಟ್ 1948ರಿಂದಲೇ ಶೆಲ್ ಮೆರಾ ಎಂಬಲ್ಲಿ ನೆಲೆಸಿದ್ದರು. ಶೆಲ್ ಎಣ್ಣೆ ಕಂಪನಿ ಕಾಡಿನ ಅಂಚಿನಲ್ಲಿ ಕಟ್ಟಿ ಬಿಟ್ಟುಹೋಗಿದ್ದ ಶಿಬಿರ ಅದು. ಜಿಮ್ ಎಲಿಯಟ್ ಮತ್ತು ಪೀಟ್ ಫ್ಲೆಮಿಂಗ್ 1952ರ ಆರಂಭದಲ್ಲಿ ಬಂದವರು, ಎಡ್ ಮೆಕಲ್ಲಿ ಅದೇ ವರ್ಷದ ಕೊನೆಗೆ. ಈ ಮೂವರೂ ಪ್ಲಿಮತ್ ಬ್ರದರೆನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಸಭೆಗಳ ಹಿನ್ನೆಲೆಯವರು, ಕಿಚುವಾ ಜನರ ನಡುವೆ ದುಡಿಯುತ್ತಿದ್ದವರು. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಟ್ರೂಪರ್ ಆಗಿದ್ದ ರೋಜರ್ ಯೂಡೇರಿಯನ್ ಶುವಾರ್ ಜನರ ನಡುವೆ ಕೆಲಸ ಮಾಡಿದ್ದರು. ಕಾಡಿನ ಬದುಕು, ಸ್ಪ್ಯಾನಿಷ್ ಭಾಷೆ, ನೆರೆಯ ಬುಡಕಟ್ಟುಗಳ ರೀತಿನೀತಿ ಎಲ್ಲವೂ ಅವರಿಗೆ ಗೊತ್ತಿತ್ತು. ಹಾಗಾಗಿ 'ಅನುಭವವಿಲ್ಲದ ಉತ್ಸಾಹಿ ಹುಡುಗರು' ಎಂದು ಈ ಪ್ರಕರಣವನ್ನು ತಳ್ಳಿಹಾಕಲು ಬರುವುದಿಲ್ಲ.

ಎದುರಿಗಿದ್ದ ಸಮಾಜ

ಆಗ ವಾವೊರಾನಿಗಳು ಹೆಚ್ಚೆಂದರೆ ಐದಾರು ನೂರು ಮಂದಿ. ನಾಪೊ ಮತ್ತು ಕುರಾರಾಯ್ ನದಿಗಳ ನಡುವಿನ ವಿಶಾಲ ಕಾಡಿನಲ್ಲಿ ಒಂದಕ್ಕೊಂದು ಹಗೆಯಾದ ಕೆಲವು ಗುಂಪುಗಳಾಗಿ ಚದುರಿದ್ದರು. ಅವರ ಭಾಷೆಗೆ ಜಗತ್ತಿನ ಬೇರೆ ಯಾವ ಭಾಷೆಯೊಂದಿಗೂ ನಂಟು ಸಿಕ್ಕಿಲ್ಲ, ಆದ್ದರಿಂದ ಕಿಚುವಾ ಬಂದರೂ ಶುವಾರ್ ಬಂದರೂ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ರಬ್ಬರ್ ವ್ಯಾಪಾರದ ಕಾಲದಲ್ಲಿ ಹೊರಗಿನವರು ಕಾಡಿಗೆ ನುಗ್ಗಿ ಜನರನ್ನು ಹಿಡಿದೊಯ್ದಿದ್ದರು. 1940ರ ದಶಕದಲ್ಲಿ ಶೆಲ್ ಕಂಪನಿಯ ಕೆಲಸಗಾರರು ಈಟಿಗೆ ಬಲಿಯಾಗಿದ್ದರು. ಹೊರಗಿನವರು ನರಭಕ್ಷಕರು ಎಂದೇ ವಾವೊರಾನಿಗಳು ನಂಬಿದ್ದರು.

ಇದಕ್ಕಿಂತ ಮುಖ್ಯವಾದದ್ದು ಒಳಗಿನ ಹಗೆ. ನಂತರದ ದಶಕಗಳಲ್ಲಿ ಮಾನವಶಾಸ್ತ್ರಜ್ಞರು ಮನೆಮನೆಯ ವಂಶಾವಳಿ ಬರೆದುಕೊಂಡಾಗ ಹಿಂದಿನ ಕೆಲವು ತಲೆಮಾರುಗಳ ವಯಸ್ಕರ ಸಾವುಗಳಲ್ಲಿ ದೊಡ್ಡ ಪಾಲು ಈಟಿಯಿಂದ ಆದದ್ದು ಎಂದು ತಿಳಿಯಿತು. ಕೊಂದವರೂ ಬಹುತೇಕ ವಾವೊರಾನಿಗಳೇ. ಹೆಣ್ಣಿನ ವಿಚಾರ, ಮಾಟದ ಅನುಮಾನ, ಹಳೆಯ ಕೊಲೆಯ ಸೇಡು, ಇವೇ ಕಾರಣಗಳು. ಅಂಥ ಸಮಾಜಕ್ಕೆ ಕಾಲಿಡುವ ಹೊರಗಿನವನು ತನಗೆ ಗೊತ್ತಿಲ್ಲದೆಯೇ ಯಾವುದೋ ಜಗಳದ ಒಂದು ಪಕ್ಷವಾಗಿಬಿಡುತ್ತಾನೆ. ಐವರು ಹಾಕಿದ ಲೆಕ್ಕದಲ್ಲಿ 'ಅವರು' ಮತ್ತು 'ನಾವು' ಎಂಬ ಎರಡೇ ಪಕ್ಷಗಳಿದ್ದವು. ಕಾಡಿನೊಳಗೆ ಪಕ್ಷಗಳು ಎರಡಕ್ಕಿಂತ ಬಹಳ ಹೆಚ್ಚಿದ್ದವು.

ಮಾಡಿದ ತಯಾರಿ: ಹಗ್ಗ, ಬುಟ್ಟಿ, ಉಡುಗೊರೆ

1955ರ ಸೆಪ್ಟೆಂಬರ್‌ನಲ್ಲಿ ನೇಟ್ ಸೇಂಟ್ ವಿಮಾನದಿಂದ ವಾವೊರಾನಿಗಳ ಹೊಲಗಳನ್ನೂ ಮನೆಗಳನ್ನೂ ಗುರುತಿಸಿದರು. ಎಡ್ ಮೆಕಲ್ಲಿ ನೆಲೆಸಿದ್ದ ಅರಾಹುನೊ ಎಂಬ ಶೆಲ್ ಕಂಪನಿಯ ಹಳೆಯ ಶಿಬಿರದಿಂದ ಅಲ್ಲಿಗೆ ವಿಮಾನದಲ್ಲಿ ನಿಮಿಷಗಳ ದಾರಿ. ಅಕ್ಟೋಬರ್ 6ರಂದು ಮೊದಲ ಉಡುಗೊರೆ ಇಳಿಯಿತು: ಮುಚ್ಚಳವಿದ್ದ ಸಣ್ಣ ಅಲ್ಯೂಮಿನಿಯಂ ಪಾತ್ರೆ, ಅದರೊಳಗೆ ಬಣ್ಣಬಣ್ಣದ ಗುಂಡಿಗಳು ಮತ್ತು ಕಲ್ಲುಪ್ಪು, ಮೇಲಿನಿಂದ ಬೀಳುವಾಗ ಕಣ್ಣಿಗೆ ಬೀಳಲೆಂದು ಉದ್ದನೆಯ ರಿಬ್ಬನ್‌ಗಳು. ಮುಂದಿನ ಸಲ ಮಚ್ಚು. ಆಮೇಲೆ ಬಟ್ಟೆ, ಕೊಡಲಿ, ಪಾತ್ರೆಗಳು. ಹೆಚ್ಚೂಕಡಿಮೆ ವಾರಕ್ಕೊಂದು ಹಾರಾಟದಂತೆ ಮೂರು ತಿಂಗಳು ಇದು ನಡೆಯಿತು.

ಇಳಿಸುವ ವಿಧಾನ ಸೇಂಟ್ ತಾವೇ ರೂಪಿಸಿದ್ದು, ವಿಮಾನಯಾನದ ದೃಷ್ಟಿಯಿಂದ ಅದ್ಭುತವಾದದ್ದು. ವಿಮಾನ ಒಂದೇ ವೇಗದಲ್ಲಿ ಬಿಗಿಯಾಗಿ ಸುತ್ತು ಹೊಡೆಯುತ್ತಿರಬೇಕು. ಹಿಂದಕ್ಕೆ ಬಿಟ್ಟ ಸಾವಿರಕ್ಕೂ ಹೆಚ್ಚು ಅಡಿ ಉದ್ದದ ಹಗ್ಗವನ್ನು ಗಾಳಿ ಹಿಂದೆಳೆಯುತ್ತದೆ, ತುದಿಯಲ್ಲಿರುವ ಬುಟ್ಟಿಯ ಭಾರ ಕೆಳಗೆಳೆಯುತ್ತದೆ. ಎರಡೂ ಸೇರಿ ಬುಟ್ಟಿ ಸುತ್ತಿನ ಒಳಒಳಗೆ ಸರಿದು ಕೊನೆಗೆ ವೃತ್ತದ ನಡುಮಧ್ಯಕ್ಕೆ ಬಂದು ಹೆಚ್ಚೂಕಡಿಮೆ ಅಲುಗಾಡದೆ ನಿಲ್ಲುತ್ತದೆ. ಅಲ್ಲಿಂದ ವಿಮಾನವನ್ನು ನಿಧಾನಕ್ಕೆ ತಗ್ಗಿಸಿದರೆ ಬುಟ್ಟಿ ನೆಲದಲ್ಲಿ ನಿಂತವನ ಕೈಗೇ ಬರುತ್ತದೆ. ಇದೇ ಬುಟ್ಟಿಯಲ್ಲಿ ಟೆಲಿಫೋನ್ ಇಳಿಸಿ ನೆಲದ ಮೇಲಿನ ಮಿಷನರಿಯೊಂದಿಗೆ ಮಾತಾಡಿದ್ದೂ ಉಂಟು. ಕೈಕೊಡುವ ಸಂದರ್ಭಗಳೂ ಗೊತ್ತಿದ್ದವೇ. ಗಾಳಿ ಬೀಸಿದರೆ ಬುಟ್ಟಿ ನಡುವಿನಿಂದ ಜಾರುತ್ತದೆ, ಸುತ್ತು ಸಡಿಲವಾದರೆ ಮರದ ತುದಿಗೆ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡ ಕ್ಷಣವೇ ಹಗ್ಗ ಕಡಿಯಲು ಒಬ್ಬ ಸಿದ್ಧನಿರದಿದ್ದರೆ ವಿಮಾನಕ್ಕೇ ಅಪಾಯ.

ನವೆಂಬರ್ ಹೊತ್ತಿಗೆ ಕೆಳಗಿನಿಂದಲೂ ಹಗ್ಗಕ್ಕೆ ವಸ್ತುಗಳು ಕಟ್ಟಿಬಂದವು: ಗರಿಯ ತಲೆಪಟ್ಟಿ, ಬೇಯಿಸಿದ ಮಾಂಸ, ಕಡಲೆಕಾಯಿ, ಬುಟ್ಟಿಯಲ್ಲಿ ಜೀವಂತ ಗಿಳಿ. ಒಂದು ಮನೆಯ ಸೂರಿನ ಮೇಲೆ ವಿಮಾನದ ಮಾದರಿಯೇ ಕಾಣಿಸಿತು. ತಂಡ ಇದನ್ನೆಲ್ಲ ಸ್ನೇಹದ ಗುರುತೆಂದು ಓದಿಕೊಂಡಿತು.

ಆದರೆ ಆಕಾಶದಿಂದ ಇಳಿದ ಮಚ್ಚು ಒಂದೇ ಒಂದು ವಿಷಯ ಖಚಿತಪಡಿಸುತ್ತದೆ: ಮಚ್ಚು ಇವರಿಗೆ ಬೇಕು. ಕೊಟ್ಟವರು ಯಾರು, ಯಾರ ಕಡೆಯವರು, ಏಕೆ ಕೊಡುತ್ತಿದ್ದಾರೆ ಎಂದು ಕೆಳಗಿನವರು ಕೇಳಲು ದಾರಿಯಿಲ್ಲ. ಕೇಳಿದರೂ ಮೇಲಿನವರಿಗೆ ಅರ್ಥವಾಗುವುದಿಲ್ಲ. ಸಿಕ್ಕ ಮಚ್ಚು ಯಾರ ಮನೆಗೆ ಹೋಯಿತು, ಯಾರಿಗೆ ಸಿಗಲಿಲ್ಲ, ಅದರಿಂದ ಯಾರ ಹೊಟ್ಟೆ ಉರಿಯಿತು ಎಂಬುದೂ ವಿಮಾನದಿಂದ ಕಾಣದು. ಉಡುಗೊರೆ ಕೊಡಲೇಬಾರದೆಂದಲ್ಲ, ಅದನ್ನು ನಂಬಿಕೆಯ ಅಳತೆಗೋಲು ಮಾಡಿಕೊಂಡದ್ದು ತಪ್ಪು. ಕೊನೆಗೆ ಈಟಿ ಹಿಡಿದು ಬಂದವರೂ ಇದೇ ಉಡುಗೊರೆಗಳು ಇಳಿಯುತ್ತಿದ್ದ ಮನೆಗಳವರು.

ಗುಟ್ಟು

ಇಡೀ ಯೋಜನೆ ಗುಟ್ಟಾಗಿತ್ತು. ಮಿಷನ್ ಕೇಂದ್ರಗಳೆಲ್ಲ ಒಂದೇ ರೇಡಿಯೊ ತರಂಗಾಂತರ ಬಳಸುತ್ತಿದ್ದುದರಿಂದ ಮಾತುಕತೆಗೆ ಸಂಕೇತ ಪದಗಳನ್ನು ಇಟ್ಟುಕೊಂಡಿದ್ದರು. ಸುದ್ದಿ ಹೊರಬಿದ್ದರೆ ಪತ್ರಕರ್ತರೂ ಸಾಹಸಿಗಳೂ ನುಗ್ಗುತ್ತಾರೆ, ಸೈನ್ಯ ತಲೆಹಾಕುತ್ತದೆ, ಕೆಲಸ ಕೆಡುತ್ತದೆ ಎಂಬ ಭಯ. ಅದು ಆಧಾರವಿಲ್ಲದ ಭಯವೇನೂ ಅಲ್ಲ. ಆದರೆ ಗುಟ್ಟಿನ ಬೇಲಿ ಯಾರನ್ನು ಹೊರಗಿಟ್ಟಿತು ಎಂಬುದನ್ನು ನೋಡಬೇಕು.

ವಾವೊರಾನಿ ಮಾತು ಕಲಿಯಲು ಆಗ ಅವರಿಗೆ ಸಿಗಬಹುದಾಗಿದ್ದ ಬಾಗಿಲು ದಾಯುಮಾ. ಒಳಗಿನ ಕೊಲೆಗಳಿಗೆ ಹೆದರಿ 1940ರ ದಶಕದಲ್ಲಿ ಎಳೆ ವಯಸ್ಸಿನಲ್ಲೇ ಕಾಡು ಬಿಟ್ಟು ಓಡಿಬಂದ ಹೆಣ್ಣುಮಗಳು. ಇಲಾ ಎಂಬ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಅವಳಿಂದ ಭಾಷೆ ಕಲಿಯಲು ಶುರು ಮಾಡಿದ್ದವರು ಬೈಬಲ್ ಅನುವಾದಕ್ಕಾಗಿ ಭಾಷೆಗಳನ್ನು ಅಭ್ಯಾಸ ಮಾಡುವ ಸಮ್ಮರ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟಿಕ್ಸ್ ಸಂಸ್ಥೆಯ ರೇಚಲ್ ಸೇಂಟ್. ಅವರು ನೇಟ್ ಸೇಂಟ್‌ರ ಸ್ವಂತ ಅಕ್ಕ! ಅಕ್ಕನಿಗೂ ತಮ್ಮ ಹೇಳಲಿಲ್ಲ. ಹೇಳಿದರೆ ಆಕೆ ತನ್ನ ಸಂಸ್ಥೆಯ ಮೇಲಿನವರಿಗೆ ವರದಿ ಮಾಡಬೇಕಾಗುತ್ತದೆ ಎಂಬ ಕಾರಣ. ಜಿಮ್ ಎಲಿಯಟ್ ತೋಟಕ್ಕೆ ಹೋಗಿ ದಾಯುಮಾಳಿಂದ ಕೆಲವು ವಾಕ್ಯಗಳನ್ನು ಬರೆದುಕೊಂಡು ಬಂದರು, ಅವು ಏಕೆ ಬೇಕೆಂದು ಅವಳಿಗೆ ತಿಳಿಸದೆ. 'ನನಗೆ ನೀವು ಇಷ್ಟ, ನಿಮ್ಮ ಸ್ನೇಹಿತನಾಗಬೇಕು' ಎಂಬ ಬಗೆಯ ವಾಕ್ಯಗಳು. ಅವನ್ನೇ ವಿಮಾನದಿಂದ ಧ್ವನಿವರ್ಧಕದಲ್ಲಿ ಕೂಗಿದರು.

ಆ ವಾಕ್ಯಗಳಲ್ಲಿ ಎರಡು ಕೊರತೆಗಳಿದ್ದವು. ವರ್ಷಗಟ್ಟಲೆ ಕಿಚುವಾ ಜನರ ನಡುವೆ ಇದ್ದ ದಾಯುಮಾಳ ತಾಯಿನುಡಿಯಲ್ಲಿ ಕಿಚುವಾ ಬೆರೆತಿತ್ತು. ಜೊತೆಗೆ, ವಾವೊರಾನಿ ಭಾಷೆಯಲ್ಲಿ ಪ್ರತಿ ಸ್ವರಕ್ಕೂ ಮೂಗಿನಿಂದ ಬರುವ ಜೋಡಿ ಸ್ವರವೊಂದಿದೆ, ಅದು ತಪ್ಪಿದರೆ ಪದವೇ ಬದಲಾಗುತ್ತದೆ. ಆ ಕಿವಿ ಪಳಗದವನು ಚೀಟಿಯಲ್ಲಿ ಬರೆದುಕೊಂಡು ಓದಿದರೆ ಕೇಳುವವನಿಗೆ ಏನು ದಕ್ಕೀತು? ದಕ್ಕಿತು ಎಂದೇ ಇಟ್ಟುಕೊಳ್ಳೋಣ. ಉತ್ತರ ಬಂದರೆ ಅದನ್ನು ತಿಳಿಯುವುದು ಹೇಗೆ? ಹತ್ತು ವಾಕ್ಯ ಹೇಳಲು ಕಲಿತವನಿಗೆ ಹನ್ನೊಂದನೆಯ ವಾಕ್ಯ ಕೇಳಿಸಿಕೊಳ್ಳಲು ಬರುವುದಿಲ್ಲ, ಮೊದಲ ಭೇಟಿಯಲ್ಲಿ ಹೇಳುವುದಕ್ಕಿಂತ ಕೇಳುವುದೇ ಜಾಸ್ತಿ.

ದಾಯುಮಾಳಿಂದ ಪಡೆಯಬಹುದಾಗಿದ್ದ ನಿಜವಾದ ಸಂಪತ್ತು ವಾಕ್ಯಗಳಲ್ಲ, ಹೆಸರುಗಳು. ಅವಳ ತಾಯಿ ಯಾರು, ಒಡಹುಟ್ಟಿದವರು ಯಾರು, ಯಾರು ಯಾರನ್ನು ಕೊಂದರು, ಯಾರಿಗೆ ಯಾರ ಮೇಲೆ ಸೇಡಿದೆ, ಯಾವ ಹೆಣ್ಣನ್ನು ಯಾರು ಮದುವೆಯಾಗಬಹುದು, ಯಾರು ಆಗುವಂತಿಲ್ಲ. ಕಾಗದದ ಮೇಲೆ ಒಂದು ಸಾಧಾರಣ ವಂಶವೃಕ್ಷ ಬರೆಯಲು ಕೆಲವು ವಾರ ಸಾಕು. ಆ ಹಾಳೆ ಕೈಯಲ್ಲಿದ್ದಿದ್ದರೆ ಧ್ವನಿವರ್ಧಕದಲ್ಲಿ 'ಸ್ನೇಹ' ಎಂದು ಕೂಗುವ ಬದಲು 'ದಾಯುಮಾ ಬದುಕಿದ್ದಾಳೆ' ಎಂದು ಕೂಗಬಹುದಿತ್ತು.

ದಾಯುಮಾ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಳು. ಅವರನ್ನು ನಂಬಬೇಡಿ, ಸ್ನೇಹ ತೋರಿಸಿಯೂ ಕೊಲ್ಲುತ್ತಾರೆ ಎಂಬುದು ಅದರ ಸಾರ. ಎಚ್ಚರಿಕೆ ಕೇಳಿದ ಮೇಲೆ 'ಯಾವ ಸಂದರ್ಭದಲ್ಲಿ ಹಾಗೆ ತಿರುಗಿಬೀಳುತ್ತಾರೆ?' ಎಂಬ ಮುಂದಿನ ಪ್ರಶ್ನೆ ಬರಬೇಕು. ಉದ್ದೇಶವನ್ನೇ ಮುಚ್ಚಿಟ್ಟು ಮಾತಾಡುವವನಿಗೆ ಆ ಪ್ರಶ್ನೆ ಕೇಳುವ ಅವಕಾಶವಿಲ್ಲ.

ಮರಳದಿಬ್ಬ

ಜನವರಿಯನ್ನು ಆರಿಸಿದ್ದಕ್ಕೆ ಕಾರಣ ಮಳೆ. ತಡವಾದರೆ ಕುರಾರಾಯ್ ಉಕ್ಕಿ, ವಿಮಾನ ಇಳಿಸಬಹುದಾದ ಮರಳದಿಬ್ಬಗಳು ಮುಳುಗಿಹೋಗುತ್ತವೆ. ಹೀಗೆ ಭಾಷೆ ಎಷ್ಟು ಬಂದಿದೆ ಎಂಬುದನ್ನು ನೋಡದೆ ನದಿಯ ಮಟ್ಟ ನೋಡಿ ದಿನಾಂಕ ಗೊತ್ತಾಯಿತು. ಯೋಜನೆಯ ಗಡಿಯಾರ ಯಾರ ಕೈಯಲ್ಲಿದೆ ಎಂಬುದು ಎಂಥ ತಂಡಕ್ಕೂ ಒಳ್ಳೆಯ ಪರೀಕ್ಷೆ: ಹವಾಮಾನ, ದಾನಿಗಳ ವರ್ಷಾಂತ್ಯ, ಪ್ರತಿಸ್ಪರ್ಧಿ ಮಿಷನ್ ಮುಂಚೆ ಹೋದೀತೆಂಬ ಆತಂಕ, ಇವುಗಳಲ್ಲಿ ಯಾವುದು ದಿನ ಗೊತ್ತುಮಾಡಿದರೂ ಸಿದ್ಧತೆ ಅರ್ಧದಲ್ಲೇ ನಿಲ್ಲುತ್ತದೆ.

ಜನವರಿ 3ರಂದು ಸೇಂಟ್ ತಮ್ಮ ಪೈಪರ್ ಫ್ಯಾಮಿಲಿ ಕ್ರೂಸರ್ ವಿಮಾನವನ್ನು ಆ ದಿಬ್ಬದ ಮೇಲೆ ಇಳಿಸಿದರು. ಸಣ್ಣ ವಿಮಾನವಾದ್ದರಿಂದ ಜನ, ಸಾಮಾನು, ರೇಡಿಯೊ, ಮರದ ಮೇಲಿನ ಮನೆಗೆ ಬೇಕಾದ ಹಲಗೆಗಳು, ಎಲ್ಲವನ್ನೂ ಸುತ್ತು ಸುತ್ತಾಗಿ ಸಾಗಿಸಬೇಕಾಯಿತು. ಮೊದಲ ಸುತ್ತಿನಲ್ಲಿ ಇಳಿದ ಮೆಕಲ್ಲಿ, ವಿಮಾನ ಮತ್ತೆ ಬರುವವರೆಗೆ ಆ ದಂಡೆಯಲ್ಲಿ ಒಬ್ಬರೇ. ಮರಳು ಮೆತ್ತಗಿದ್ದು ಚಕ್ರ ಹೂತುಕೊಳ್ಳುತ್ತಿತ್ತು, ಹಾಗಾಗಿ ಏರುವಾಗ ಭಾರ ಕಡಿಮೆ ಇರಬೇಕಿತ್ತು. ನೆಲದಿಂದ ಸುಮಾರು 35 ಅಡಿ ಎತ್ತರದಲ್ಲಿ ಮರದ ಮೇಲೆ ಮನೆ ಕಟ್ಟಿದರು, ಮೂವರು ರಾತ್ರಿ ಅಲ್ಲಿ ಮಲಗಿದರು. ರಾತ್ರೋರಾತ್ರಿ ನದಿ ಏರಿದರೆ ವಿಮಾನ ಹೋದಂತೆಯೇ ಎಂದು ಸೇಂಟ್ ಮತ್ತು ಫ್ಲೆಮಿಂಗ್ ಪ್ರತಿ ಸಂಜೆ ಅರಾಹುನೊಗೆ ಹಾರಿಹೋಗಿ ಬೆಳಗ್ಗೆ ಮರಳುತ್ತಿದ್ದರು. ಇವೆಲ್ಲ ಲೆಕ್ಕಾಚಾರ ಸರಿಯಾಗಿದ್ದ ಕೆಲಸಗಳು.

ಬಂದೂಕಿನ ವಿಚಾರದಲ್ಲಿ ಮಾತ್ರ ನಿರ್ಧಾರ ಅರ್ಧಂಬರ್ಧ. ಬಂದೂಕುಗಳನ್ನು ಒಯ್ದಿದ್ದರು, ಆದರೆ ಕೊಲ್ಲುವುದಿಲ್ಲ, ಹೆದರಿಸಲು ಗಾಳಿಯಲ್ಲಷ್ಟೇ ಹಾರಿಸುತ್ತೇವೆ ಎಂದು ತಮ್ಮೊಳಗೆ ಒಪ್ಪಿಕೊಂಡಿದ್ದರು. ಕೊಲ್ಲಬಾರದೆಂಬ ನಿರ್ಧಾರಕ್ಕೆ ಅವರು ಕೊನೆಯವರೆಗೂ ಬದ್ಧರಾಗಿದ್ದರು, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಎದುರಿನವನಿಗೆ ಈ ಒಪ್ಪಂದ ಗೊತ್ತಿಲ್ಲ. ಅವನ ಕಣ್ಣಿಗೆ ಬೀಳುವುದು ಬಂದೂಕು ಮಾತ್ರ. ಕೈಕೈ ಮಿಲಾಯಿಸಿದಾಗ ಹಾರಿದ ಗುಂಡು ದಾಳಿಕೋರರಲ್ಲಿ ಒಬ್ಬನಿಗೆ ತಗುಲಿಯೂ ಬಿಟ್ಟಿತು.

ಶುಕ್ರವಾರದಿಂದ ಭಾನುವಾರದವರೆಗೆ

ಜನವರಿ 6, ಶುಕ್ರವಾರ ಬೆಳಗ್ಗೆ ನದಿಯಾಚೆಯಿಂದ ಮೂವರು ಬಂದರು: ಒಬ್ಬ ಗಂಡಸು, ಒಬ್ಬ ಯುವತಿ, ನಡುವಯಸ್ಸಿನ ಒಬ್ಬ ಹೆಂಗಸು. ಅವರ ಹೆಸರು ನಂಕಿವಿ, ಗಿಮಾದೆ, ಮಿಂಟಾಕಾ ಎಂದು ತಿಳಿದದ್ದು ಬಹಳ ತಡವಾಗಿ. ಸ್ನೇಹಭಾವದಿಂದಲೇ ದಿನ ಕಳೆಯಿತು. ತಿಂಡಿ ಕೊಟ್ಟರು, ನಂಕಿವಿಯನ್ನು ವಿಮಾನದಲ್ಲಿ ಕೂರಿಸಿ ಅವನ ಊರಿನ ಮೇಲೆ ಹಾರಿಸಿದರು, ಅವನು ಮೇಲಿನಿಂದ ತನ್ನವರನ್ನು ಕೂಗಿದ. ಸಂಜೆಯ ಹೊತ್ತಿಗೆ ಯುವತಿ ಬೇಸರದಿಂದೆಂಬಂತೆ ಎದ್ದು ಕಾಡಿನೊಳಗೆ ನಡೆದುಬಿಟ್ಟಳು, ನಂಕಿವಿ ಅವಳ ಹಿಂದೆ ಹೋದ. ಹೆಂಗಸು ಉಳಿದುಕೊಂಡಳು. ರಾತ್ರಿ ಬೆಂಕಿಯ ಪಕ್ಕ ಕೂತು ಯೂಡೇರಿಯನ್ ಜೊತೆ ತುಂಬ ಹೊತ್ತು ಮಾತಾಡಿದಳು. ಅವರಿಗೆ ಒಂದು ಮಾತೂ ತಿಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಅವಳೂ ಹೋಗಿದ್ದಳು.

ಇಡೀ ಪ್ರಕರಣದ ಕೀಲಿ ಈ ಸಂಜೆಯಲ್ಲಿದೆ. ನಂಕಿವಿಗೆ ಗಿಮಾದೆಯನ್ನು ಕಟ್ಟಿಕೊಳ್ಳುವ ಆಸೆ, ಅವಳ ಮನೆಯವರಿಗೆ ಅದು ಬೇಡ. ಅವರಿಬ್ಬರ ಜೊತೆ ಹಿರಿಯ ಹೆಂಗಸೊಬ್ಬಳು ಇದ್ದದ್ದು ಸುಮ್ಮನೆ ಅಲ್ಲ. ಆಕೆ ದಂಡೆಯಲ್ಲೇ ಉಳಿದಾಗ ಇಬ್ಬರೂ ಕಾಡಿನಲ್ಲಿ ಒಂಟಿಯಾದರು, ಮರುದಿನ ಹಾಗೆಯೇ ತಮ್ಮವರ ಕಣ್ಣಿಗೆ ಬಿದ್ದರು. ಗಿಮಾದೆಯ ಅಣ್ಣ ನಂಪಾ ಕೆರಳಿದ. ತನ್ನ ತಲೆ ಉಳಿಸಿಕೊಳ್ಳಲು ನಂಕಿವಿ, ಹೊರಗಿನವರು ನಮ್ಮ ಮೇಲೆ ಬಿದ್ದರು, ಓಡಿ ಬರುವಾಗ ಹೆಂಗಸು ಹಿಂದುಳಿದಳು ಎಂದು ಸುಳ್ಳು ಹೇಳಿದ. ಹಿರಿಯ ಗಿಕಿತಾಗೆ ಹೊರಗಿನವರ ಹಳೆಯ ಅನುಭವವಿತ್ತು, ನಂಬಿದ. ಮಿಂಟಾಕಾ ಬಂದು ಹಾಗೇನೂ ಆಗಿಲ್ಲ ಎಂದರೂ ಸಿಟ್ಟು ಇಳಿಯಲಿಲ್ಲ. ನಂಕಿವಿಯ ಮೇಲೆ ಬೀಳಬೇಕಿದ್ದ ಈಟಿ ದಂಡೆಯ ಕಡೆ ತಿರುಗಿತು. ದಾಳಿ ಮಾಡಿದವರೇ ಮುಂದೆ ಬಿಡಿಸಿ ಹೇಳಿದ ವಿವರಗಳಿವು, ಹೊರಜಗತ್ತಿಗೆ ಪೂರ್ತಿ ತಿಳಿಯಲು ದಶಕಗಳೇ ಹಿಡಿದವು.

ಶನಿವಾರ ಯಾರೂ ಬರಲಿಲ್ಲ. ಭಾನುವಾರ ಸೇಂಟ್ ಮೇಲೆ ಹಾರಿ ನೋಡಿದಾಗ ಗಂಡಸರ ಗುಂಪು ದಂಡೆಯ ಕಡೆ ಬರುತ್ತಿತ್ತು. ಮಧ್ಯಾಹ್ನ 12.30ಕ್ಕೆ ರೇಡಿಯೊದಲ್ಲಿ ಹೆಂಡತಿ ಮಾರ್ಜ್‌ಗೆ ಸಂತೋಷದಿಂದಲೇ ತಿಳಿಸಿ, ಮತ್ತೆ 4.30ಕ್ಕೆ ಮಾತಾಡುವುದಾಗಿ ಹೇಳಿದರು. ನದಿಯಾಚೆ ಹೆಂಗಸರು ಕಾಣಿಸಿಕೊಂಡರು, ಎಲಿಯಟ್ ಮತ್ತು ಫ್ಲೆಮಿಂಗ್ ನೀರಿಗಿಳಿದು ಅವರತ್ತ ಹೊರಟರು. ತಂಡ ಎರಡಾದೊಡನೆ ಹಿಂದಿನಿಂದ ದಾಳಿ. ಸೇಂಟ್ ಅವರ ಕೈಗಡಿಯಾರ ನಿಂತಿದ್ದು 3.12ಕ್ಕೆ.

4.30ಕ್ಕೆ ರೇಡಿಯೊ ಮೌನ. ಮರುದಿನ ಬೆಳಗ್ಗೆ ಮಿಷನ್‌ನ ಇನ್ನೊಬ್ಬ ಪೈಲಟ್ ಹಾರಿ ನೋಡಿದಾಗ ಕಂಡದ್ದು ಹೊದಿಕೆ ಕಿತ್ತ ವಿಮಾನ. ಪನಾಮಾದಿಂದ ಹೆಲಿಕಾಪ್ಟರ್ ಬಂತು. ಮಿಷನರಿಗಳು, ಸೈನಿಕರು, ಕಿಚುವಾಗಳು ಸೇರಿದ ನೆಲದ ತಂಡ ದಂಡೆ ಮುಟ್ಟಿದ್ದು ಜನವರಿ 13ಕ್ಕೆ. ತುರ್ತು ಯೋಜನೆಯ ಲೆಕ್ಕದಲ್ಲಿ ಹೇಳುವುದಾದರೆ, ಸಹಾಯ ಐದು ದಿನ ದೂರದಲ್ಲಿತ್ತು. ಒಬ್ಬನಿಗಾದರೂ ಗಾಯವಾಗಿ ಜೀವ ಉಳಿದಿದ್ದರೆ ಆ ಐದು ದಿನ ಅವನನ್ನು ಕೊಂದೇ ಬಿಡುತ್ತಿದ್ದವು.

ದಂಡೆಗೆ ಬಂದಿದ್ದವರು ಯಾರು?

ಗಿಮಾದೆ ದಾಯುಮಾಳ ತಂಗಿ. ನಂಪಾ ದಾಯುಮಾಳ ತಮ್ಮ. ಬೆಂಕಿಯ ಪಕ್ಕ ರಾತ್ರಿ ಮಾತಾಡುತ್ತ ಕೂತಿದ್ದ ಮಿಂಟಾಕಾ ದಾಯುಮಾಳ ಚಿಕ್ಕಮ್ಮ. ಕಾಡಿನ ಹೊರಗೆ ಅವರಿಗೆ ಮಾತು ಕಲಿಸಿದ ಹೆಣ್ಣುಮಗಳ ಮನೆಯವರೇ ಎದುರಿಗೆ ಬಂದು ನಿಂತಿದ್ದರು. ಐವರಲ್ಲಿ ಒಬ್ಬರಿಗೂ ಅದು ತಿಳಿಯಲಿಲ್ಲ. ತೋಟದಲ್ಲಿದ್ದ ದಾಯುಮಾಳಿಗೆ ಇಂಥ ಭೇಟಿ ನಡೆಯುತ್ತಿದೆ ಎಂಬುದೇ ಗೊತ್ತಿರಲಿಲ್ಲ.

ಪ್ರಕರಣವನ್ನು ಹೀಗೆ ಓದಿದಾಗ 'ಸಿದ್ಧತೆ ಸಾಲಲಿಲ್ಲ' ಎಂಬ ತೀರ್ಪು ಸರಿಹೋಗುವುದಿಲ್ಲ. ವಿಮಾನ, ರೇಡಿಯೊ, ಮರದ ಮನೆ, ಉಡುಗೊರೆ, ಇವುಗಳ ಸಿದ್ಧತೆ ಬೇಕಾದಷ್ಟಿತ್ತು. ಹಾಗೆ ನೋಡಿದರೆ ಅದೇ ತೊಂದರೆಯಾಯಿತು. ಕೈಗೆ ಸಿಗುವ, ಅಳೆಯಬಹುದಾದ ಕೆಲಸಗಳು ದಿನೇದಿನೇ ಮುಗಿಯುತ್ತ ಹೋದಾಗ 'ನಾವು ತಯಾರು' ಎಂಬ ಭಾವನೆ ತಾನಾಗಿ ಬಂದುಬಿಡುತ್ತದೆ. ಭಾಷೆ ಮತ್ತು ನೆಂಟಸ್ತಿಕೆಯ ತಿಳಿವಳಿಕೆ ಹಾಗಲ್ಲ, ಅದರಲ್ಲಿ ಆರು ತಿಂಗಳ ನಂತರವೂ ತೋರಿಸಿಕೊಳ್ಳಲು ಹೆಚ್ಚೇನಿರುವುದಿಲ್ಲ.

1958: ಅದೇ ಕಾಡು, ಬೇರೆ ದಾರಿ

1957ರ ನವೆಂಬರ್‌ನಲ್ಲಿ ಮಿಂಟಾಕಾ ಮತ್ತು ಮಂಕಾಮು ಎಂಬ ಇಬ್ಬರು ಹೆಂಗಸರು ತಾವಾಗಿಯೇ ಕಾಡಿನಿಂದ ಹೊರಗೆ ಕಿಚುವಾಗಳ ಬಳಿ ಬಂದರು. ಜಿಮ್ ಎಲಿಯಟ್‌ರ ಪತ್ನಿ ಎಲಿಸಬೆತ್ ಅವರನ್ನು ಜೊತೆಯಲ್ಲಿಟ್ಟುಕೊಂಡು ಭಾಷೆ ಕಲಿಯತೊಡಗಿದರು. ದಾಯುಮಾ ಈ ಇಬ್ಬರನ್ನು ಸೇರಿಕೊಂಡಳು, ಮನೆಯವರಲ್ಲಿ ಯಾರು ಉಳಿದಿದ್ದಾರೆಂಬುದು ಆಗ ತಿಳಿಯಿತು. 1958ರ ಸೆಪ್ಟೆಂಬರ್‌ನಲ್ಲಿ ಮೂವರೂ ಹೆಂಗಸರು ಮಿಷನರಿಗಳನ್ನು ಬಿಟ್ಟು ತಾವಷ್ಟೇ ಕಾಡಿಗೆ ಹೋದರು, ಕೆಲವು ವಾರಗಳ ಮೇಲೆ ಇನ್ನಷ್ಟು ಮಂದಿಯನ್ನೂ ಆಹ್ವಾನವನ್ನೂ ತಂದರು. ಅಕ್ಟೋಬರ್‌ನಲ್ಲಿ ಎಲಿಸಬೆತ್ ಎಲಿಯಟ್, ಅವರ ಮೂರು ವರ್ಷದ ಮಗಳು ವ್ಯಾಲೆರಿ ಮತ್ತು ರೇಚಲ್ ಸೇಂಟ್ ತಿವೇನೊ ಎಂಬಲ್ಲಿಗೆ ನಡೆದು ಹೋಗಿ ನೆಲೆಸಿದರು.

ಈ ಸಲ ವಿಮಾನವಿಲ್ಲ, ಉಡುಗೊರೆಯ ಬುಟ್ಟಿಯಿಲ್ಲ, ಬಂದೂಕಿಲ್ಲ. ಇದ್ದದ್ದು ನಾಲ್ಕು ಸಂಗತಿಗಳು: ಒಳಗಿನವರದೇ ಆಹ್ವಾನ, ಜೊತೆಯಲ್ಲಿ ನಡೆಯುವ ನೆಂಟರು, ಕೇಳಿ ಅರ್ಥಮಾಡಿಕೊಳ್ಳುವಷ್ಟು ಮಾತು, ಹೆದರಿಕೆ ಹುಟ್ಟಿಸದ ತಂಡ. ಮಗುವನ್ನು ಎತ್ತಿಕೊಂಡ ಹೆಂಗಸು ಕೊಲ್ಲಲು ಬಂದಿಲ್ಲ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಐವರನ್ನು ಕೊಂದವರಲ್ಲಿ ಗಿಕಿತಾ, ಕಿಮೊ, ದ್ಯುವಿ, ಮಿಂಕಾಯೆ ಮುಂದೆ ಕ್ರೈಸ್ತರಾದರು. ಮಾರ್ಕನ ಸುವಾರ್ತೆ 1965ರಲ್ಲಿ, ಹೊಸ ಒಡಂಬಡಿಕೆ 1992ರಲ್ಲಿ ಆ ಭಾಷೆಯಲ್ಲಿ ಬಂತು. ದಾಯುಮಾಳ ಜೊತೆ ಕಲಿಕೆ ಶುರುವಾದದ್ದು 1955ರಲ್ಲಿ. ಭಾಷೆಗೆ ಎಷ್ಟು ವರ್ಷ ಮೀಸಲಿಡಬೇಕೆಂದು ಕೇಳುವವರು ಈ ಮೂರು ಇಸವಿಗಳ ಅಂತರ ನೋಡಿದರೆ ಸಾಕು.

ಮರೆತ ಅಧ್ಯಾಯ: ಕಾಯಿಲೆ

ಹೆಚ್ಚಿನ ಹೇಳಿಕೆಗಳು 1958ಕ್ಕೆ ಮುಗಿದುಬಿಡುತ್ತವೆ. ಮುಗಿಸಬಾರದು. 1960ರ ದಶಕದಲ್ಲಿ ಎಣ್ಣೆ ಕಂಪನಿಗಳು ಮತ್ತೆ ಕಾಡಿಗೆ ಬಂದವು. 1968ರಿಂದ ಚದುರಿದ್ದ ವಾವೊರಾನಿ ಗುಂಪುಗಳನ್ನು ಮಿಷನ್‌ನವರು ತಿವೇನೊಗೆ ಕರೆತಂದು ಸೇರಿಸತೊಡಗಿದರು. ಈಟಿ ಹಗೆ ನಿಲ್ಲಲಿ ಎಂಬ ಉದ್ದೇಶ ನಿಜ, ಆದರೆ ಎಣ್ಣೆಯ ನೆಲ ಖಾಲಿಯಾಗಲು ಅದು ಅನುಕೂಲವಾಯಿತೆಂಬ ಟೀಕೆಯೂ ನಿಜ. ಹಿಂದೆಂದೂ ಹೊರಗಿನ ರೋಗ ಕಾಣದ ಜನ ಒಂದೇ ಕಡೆ ಕಿಕ್ಕಿರಿದಾಗ, 1969ರಲ್ಲಿ ಪೋಲಿಯೊ ಬಂತು. 16 ಮಂದಿ ಸತ್ತರು, ಹೆಚ್ಚೂಕಡಿಮೆ ಅಷ್ಟೇ ಮಂದಿಯ ಕೈಕಾಲು ಹೋದವು. ಬಾಯಿಗೆ ಹಾಕುವ ಪೋಲಿಯೊ ಹನಿ ಜಗತ್ತಿನಲ್ಲಿ ಬಳಕೆಗೆ ಬಂದು ಅಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಮರಳದಿಬ್ಬದಲ್ಲಿ ಸತ್ತವರು ಐವರು.

ಇಲ್ಲಿ ತಪ್ಪುವುದು ಎಲ್ಲಿ ಎಂದರೆ, ಲಸಿಕೆಯನ್ನು ಹೋಗುವವರ ರಕ್ಷಣೆಯೆಂದು ಮಾತ್ರ ಎಣಿಸುವುದರಲ್ಲಿ. ಹೋಗುವವರು ದಡಾರ, ಗದ್ದಬಾವು, ರುಬೆಲ್ಲಾ, ಪೋಲಿಯೊ, ನಾಯಿಕೆಮ್ಮು, ಇನ್‌ಫ್ಲುಯೆಂಜಾ ಲಸಿಕೆಗಳನ್ನು ಪೂರ್ತಿ ಮಾಡಿಕೊಂಡಿರಬೇಕು, ಕ್ಷಯದ ಪರೀಕ್ಷೆ ಆಗಿರಬೇಕು. ಲಸಿಕೆ ಹಾಕಿಸಿಕೊಂಡ ಮರುದಿನ ಹೊರಡುವಂತಿಲ್ಲ, ರಕ್ಷಣೆ ಹುಟ್ಟಲು ಎರಡು ವಾರವಾದರೂ ಬೇಕು. ಇನ್‌ಫ್ಲುಯೆಂಜಾ ಇರುವವನು ಕೆಮ್ಮು ಶುರುವಾಗುವ ಒಂದು ದಿನ ಮೊದಲೇ ರೋಗ ಹರಡುತ್ತಾನೆ, ದಡಾರದವನು ಗುಳ್ಳೆ ಕಾಣುವ ನಾಲ್ಕು ದಿನ ಮೊದಲೇ. ಹೀಗಾಗಿ 'ಆರೋಗ್ಯವಾಗಿದ್ದೇನೆ' ಎಂಬ ಮಾತಿಗೆ ಬೆಲೆಯಿಲ್ಲ. ಹೊರಡುವ ಮುಂಚೆ ಎರಡು ವಾರ ಪ್ರತ್ಯೇಕವಾಗಿರುವುದು ಸಾಮಾನ್ಯ ಅಳತೆ, ದಡಾರದ ಸಂಪರ್ಕವಾಗಿದ್ದರೆ ಮೂರು ವಾರ.

ಸಮುದಾಯಕ್ಕೆ ಲಸಿಕೆ ಹಾಕುವುದು ಸರಕಾರದ ಆರೋಗ್ಯ ಇಲಾಖೆಯ ಕೆಲಸ, ಅದೂ ಸಮುದಾಯದ ಒಪ್ಪಿಗೆಯ ಮೇಲೆ. ಪೋಲಿಯೊ ಹನಿಯ ಎರಡು ಸರದಿಗಳ ನಡುವೆ ಕನಿಷ್ಠ ನಾಲ್ಕು ವಾರ ಬೇಕು, ಹಲವು ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಡಬೇಕು. ದೋಣಿಯಲ್ಲಿ ಎರಡು ದಿನ ಸಾಗುವ ಪೆಟ್ಟಿಗೆಯಲ್ಲಿ ಐಸ್ ಕರಗಿದರೆ ಒಯ್ದದ್ದು ಬರಿಯ ನೀರಿಗೆ ಸಮ. ಹಲವು ಕುಟುಂಬಗಳು ಒಟ್ಟಿಗಿರುವ ಒಂದು ಉದ್ದಮನೆಯಲ್ಲಿ ಎಲ್ಲ ವಯಸ್ಕರೂ ಒಮ್ಮೆಗೇ ಮಲಗಿದರೆ ನೀರು ತರುವವರಿಲ್ಲ, ಗೆಣಸು ಅಗೆಯುವವರಿಲ್ಲ, ಕೂಸಿಗೆ ಉಣಿಸುವವರಿಲ್ಲ. ಇಂಥ ಕಡೆ ರೋಗಕ್ಕಿಂತ ಬಾಯಾರಿಕೆ, ಹಸಿವು ಮತ್ತು ಬೆನ್ನಿಗೇ ಬರುವ ನ್ಯುಮೋನಿಯಾದಿಂದ ಸಾಯುವವರೇ ಜಾಸ್ತಿ. ಆದ್ದರಿಂದ ತುರ್ತು ಯೋಜನೆಯಲ್ಲಿ ಔಷಧಿಯ ಪೆಟ್ಟಿಗೆಗಿಂತ ಮೊದಲು ಬರೆಯಬೇಕಾದ್ದು, ಎರಡು ಮೂರು ವಾರ ನೀರು ಹೊತ್ತು ಅಡುಗೆ ಮಾಡಿ ಆರೈಕೆ ಮಾಡುವ ಕೈಗಳು ಎಷ್ಟು, ಎಲ್ಲಿಂದ ಬರುತ್ತವೆ ಎಂಬುದು.

ಇಂದಿನ ಸ್ಥಿತಿ

ವಾವೊರಾನಿಗಳಿಗೆ ನೆಂಟರಾದ ತಗಾಯೆರಿ ಮತ್ತು ತರೊಮೆನಾನೆ ಗುಂಪುಗಳು ಈಗಲೂ ಹೊರಗಿನ ಸಂಪರ್ಕ ಬೇಡವೆಂದು ಒಳಗಾಡಿನಲ್ಲಿವೆ. ಕ್ಯಾಥೊಲಿಕ್ ಬಿಷಪ್ ಅಲೆಹಾಂದ್ರೊ ಲಬಾಕಾ ವಾವೊರಾನಿಗಳ ಜೊತೆ ವರ್ಷಗಟ್ಟಲೆ ಇದ್ದವರು, ಒಂದು ಕುಟುಂಬ ಅವರನ್ನು ಮಗನೆಂದೇ ಸ್ವೀಕರಿಸಿತ್ತು. ಎಣ್ಣೆ ಕಂಪನಿ ತಗಾಯೆರಿಗಳ ನೆಲಕ್ಕೆ ಕಾಲಿಡುವ ಮುಂಚೆ ತಾವು ತಲುಪಬೇಕೆಂಬ ತರಾತುರಿಯಲ್ಲಿ 1987ರ ಜುಲೈ 21ರಂದು ಸಿಸ್ಟರ್ ಇನೆಸ್ ಅರಾಂಗೊ ಜೊತೆ ಹೆಲಿಕಾಪ್ಟರ್‌ನಿಂದ ಇಳಿದರು. ಇಬ್ಬರೂ ಈಟಿಗೆ ಬಲಿಯಾದರು. ಲಬಾಕಾಗೆ ಭಾಷೆ ಬರುತ್ತಿತ್ತು, ನೆಂಟಸ್ತಿಕೆಯೂ ಇತ್ತು. ಆದರೆ ಅದು ತಗಾಯೆರಿಗಳ ಹಗೆಯವರ ಕಡೆಯ ನೆಂಟಸ್ತಿಕೆ. ಒಳಗಿನಿಂದ ಆಹ್ವಾನವಿರಲಿಲ್ಲ, ದಿನಾಂಕ ಕಂಪನಿಯ ಕೈಯಲ್ಲಿತ್ತು.

1999ರಲ್ಲಿ ಈಕ್ವೆಡಾರ್ ಸರಕಾರ ಈ ಗುಂಪುಗಳ ನೆಲವನ್ನು ಯಾರೂ ಮುಟ್ಟಬಾರದ ವಲಯವೆಂದು ಘೋಷಿಸಿತು. 2008ರ ಸಂವಿಧಾನದ 57ನೇ ವಿಧಿ ಅಲ್ಲಿ ಗಣಿ, ಎಣ್ಣೆ, ಮರದ ಕೆಲಸಗಳನ್ನೆಲ್ಲ ನಿಷೇಧಿಸಿ, ಈ ಜನರ ಹಕ್ಕುಗಳ ಉಲ್ಲಂಘನೆಯನ್ನು 'ಎಥ್ನೊಸೈಡ್', ಅಂದರೆ ಒಂದು ಜನಾಂಗದ ಸಂಸ್ಕೃತಿಯನ್ನೇ ನಾಶಮಾಡುವ ಅಪರಾಧವೆಂದು ಕರೆಯಿತು. ಅವರ ಬಳಿಗೆ ಹೋಗಲು ಸಿದ್ಧತೆ ಎಂಬುದೇ ಇಲ್ಲ, ಹೋಗಬಾರದು ಅಷ್ಟೆ. ಕೆಲವು ಮಿಷನ್ ವಲಯಗಳಲ್ಲಿ ಇದನ್ನು ಇನ್ನೂ 'ಉಳಿದುಹೋದ ಕೆಲಸ'ವೆಂದು ಪಟ್ಟಿ ಮಾಡುವ ಅಭ್ಯಾಸವಿದೆ. 1969ರ ಸಾವುಗಳನ್ನು ಓದಿದ ಮೇಲೂ ಹಾಗೆ ಬರೆಯುವುದು ಹೊಣೆಗೇಡಿತನ.

ಸಂಪರ್ಕದಲ್ಲಿರುವ ವಾವೊರಾನಿ ಹಳ್ಳಿಗಳ ಮಾತು ಬೇರೆ. ಅಲ್ಲಿ ಸಭೆಗಳಿವೆ, ತಮ್ಮದೇ ಭಾಷೆಯಲ್ಲಿ ಓದುವವರಿದ್ದಾರೆ, ತಮ್ಮದೇ ರಾಷ್ಟ್ರೀಯ ಸಂಘಟನೆ ಇದೆ. ಬರಬಹುದೇ ಎಂದು ಕೇಳಬೇಕಾದ್ದು ಅವರನ್ನು, 'ಬೇಡ' ಎಂದರೆ ಅದು ಉತ್ತರ. 'ಬನ್ನಿ' ಎಂದರೂ, ಹಳ್ಳಿಯ ಒಬ್ಬ ಮುಖಂಡ ಹೇಳಿದ್ದಕ್ಕೂ ಇಡೀ ಹಳ್ಳಿ ಕೂತು ಒಪ್ಪಿದ್ದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ನಂಬಿ ಹೋದವರು ಆ ಮುಖಂಡನ ಪಕ್ಷದವರೆಂದೇ ಎಣಿಕೆಯಾಗುತ್ತಾರೆ. ಮೊದಲ ವರ್ಷ ಬೋಧನೆಯ ಯೋಜನೆ ಇಟ್ಟುಕೊಳ್ಳದೆ ಮಾತು ಮತ್ತು ವಂಶಾವಳಿ ಕಲಿಯಲೆಂದೇ ಬಿಡುವುದು ಒಳ್ಳೆಯದು. ಜಗಳವಾದಾಗ ಯಾರು ಯಾರ ಕಡೆ ನಿಲ್ಲುತ್ತಾರೆಂದು ಮುಂಚಿತವಾಗಿ ಹೇಳಬಲ್ಲಷ್ಟು ತಿಳಿದರೆ ಆ ಕಲಿಕೆ ಒಂದು ಹಂತಕ್ಕೆ ಬಂತೆನ್ನಬಹುದು. ಇಂದಿಗೂ ಹಲವು ಹಳ್ಳಿಗಳಿಗೆ ಸಣ್ಣ ವಿಮಾನವೇ ದಾರಿ. ಹೊರಡುವ ಬೆಳಗ್ಗೆ ತಂಡದಲ್ಲಿ ಒಬ್ಬನಿಗೆ ನೆಗಡಿ ಕಂಡರೂ ಅಂದಿನ ಹಾರಾಟ ರದ್ದಾಗಬೇಕು. ರದ್ದಾದ ಹಾರಾಟದ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ತೆಗೆದಿಡದ ತಂಡ ನೆಗಡಿಯವನನ್ನೂ ಹತ್ತಿಸಿಕೊಂಡೇ ಹೊರಡುತ್ತದೆ.